ಬಲಗೈಯ ಉಗುರು

ಮಧ್ಯಾಹ್ನ ಟೀ ಅಂಗಡಿಯ ಕಲ್ಲಿನ ಮೇಲೆ ಕೂತು
ಬಲಗೈಯ ಉಗುರಿಗೆ ಫೆವಿಕ್ವಿಕ್ ಹಚ್ಚಿಕೊಳ್ಳುತ್ತಿದ್ದ.
ಎಡಗೈಯವನ್ನು ಬುಡಮಟ್ಟ ಕತ್ತರಿಸಿದ್ದ.
ಒಂದು ಮದುಮಗಳ ಕೈ, ಒಂದು ಗಾರೆಯವನ ಕೈ.
ಇವನೇನಾ, ಅಂದುಕೊಂಡೆ, ಇವತ್ತಿನ ಪ್ರೋಗ್ರಾಮು?

ಅರಸೀಕೆರೆ, ರೈಲ್ವೆ ಇನ್‌ಸ್ಟಿಟ್ಯೂಟು, ತಗಡಿನ ಸೂರು.
ಗೂಡ್ಸ್ ಗಾರ್ಡ್ ತಿಪ್ಪೇರುದ್ರಯ್ಯನವರ ಬೀಳ್ಕೊಡುಗೆ.
ನಾನು ಮೈಕ್‌ಸೆಟ್ಟಿನ ಓಂಕಾರಪ್ಪ.
ಎಷ್ಟು ಮೈಕು ಬೇಕು ಸಾರ್, ಅಂದೆ.
ಎರಡು ಸಾಕು, ಅಂದ,
ಒಂದು ಇದರ ಬಾಯಿಗೆ, ಒಂದು ನನ್ನ ಕಾಲಿಗೆ.
ಕಾಲಿಗೆ!
ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಮೊದಲ ಸಲ
ಒಬ್ಬನ ಹಿಮ್ಮಡಿಗೆ ಮೈಕು ಹಿಡಿದೆ.

ಹೆಸರು ಗಾಡ್ವಿನ್ ಸಿಕ್ವೇರಾ, ಚಿಕ್ಕಮಗಳೂರಿನ ಕಡೆಯವನು.
ಹೊಟ್ಟೆಯಿದೆ, ಕೂದಲಿಲ್ಲ.
ಚಪ್ಪಲಿ ಬಿಟ್ಟು ಸ್ಟೇಜು ಹತ್ತಿ
ಬಿಟ್ಟ ಚಪ್ಪಲಿಗೇ ಬಾಗಿ ನಮಸ್ಕಾರ ಮಾಡಿದ.
ಮೂವತ್ತೆಂಟು ಜನ. ನಗು ಬಂದದ್ದು ಇಬ್ಬರಿಗೆ.

ಆಮೇಲೆ ಶುರು.

ಹೇಗೆ ಹೇಳಲಿ,
ಹೆಬ್ಬೆರಳು ತನ್ನ ಪಾಡಿಗೆ ತಾನು
ಗಾಣದೆತ್ತಿನ ಹಾಗೆ ಸುತ್ತುತ್ತಿದೆ,
ಉಳಿದ ಬೆರಳು ಬಾವಿಕಟ್ಟೆಯ ಗುಬ್ಬಿ.
ಎಡಗೈಯನ್ನು ನಾನು ನೋಡಲೇ ಇಲ್ಲ,
ನೋಡುವಷ್ಟರಲ್ಲಿ ಅದು ಅಲ್ಲಿರಲಿಲ್ಲ.
ಒಂದು ಮರದ ಪೆಟ್ಟಿಗೆ, ಆರು ತಂತಿ,
ಹೊಮ್ಮುವುದು ಮೂವರ ಮೇಳ.
ಮೆಲ್ಲಗೆ ಬಾಕ್ಸಿನ ಹಿಂದೆ ಹೋಗಿ ಹುಡುಕಿದೆ
ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿದ್ದಾನೋ ಎಂದು.

ಬಾರಿಸುತ್ತಲೇ ನೀರು ಕುಡಿದ.
ಬಲಗೈಯಲ್ಲಿ ಲೋಟ,
ಎಡಗೈಯೊಂದೇ ತಂತಿಯ ಮೇಲೆ ಕುಟ್ಟಿ ಕುಟ್ಟಿ
ರಾಗವನ್ನು ನಡೆಸಿತು,
ಗಂಡ ಊಟಕ್ಕೆದ್ದರೆ ಅಂಗಡಿ ನೋಡಿಕೊಳ್ಳುವ ಹೆಂಡತಿಯ ಹಾಗೆ.
ಬಾಯಿ ಒರೆಸಿಕೊಂಡ. ಲೋಟ ಕೆಳಗಿಟ್ಟ.
ಇಟ್ಟ ಸದ್ದೂ ತಾಳಕ್ಕೇ ಬಿತ್ತು.

ಮುಂದಿನ ಸಾಲಿನ ಗೌರಾಂಬ ಟೀಚರು
'ಅಯ್ಯೋ ಕಳ್ಳಾ' ಅಂದುಬಿಟ್ಟರು.
ಅದನ್ನೂ ಬಿಡಲಿಲ್ಲ ಪುಣ್ಯಾತ್ಮ!
ಅಯ್, ಯೋ, ಕಳ್, ಳಾ: ನಾಲ್ಕು ಸ್ವರ,
ಮೇಲೊಮ್ಮೆ, ಕೆಳಗೊಮ್ಮೆ,
ಗಿಟಾರನ್ನು ಬೆನ್ನ ಹಿಂದಿಟ್ಟು ಮತ್ತೊಮ್ಮೆ.
ಟೀಚರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು,
ಒಂದು ಕಣ್ಣು ಬಿಟ್ಟು.
ಕೊಬ್ಬರಿ ಮಂಡಿಯ ಹಮಾಲರು ಬಾಗಿಲಿಗೆ ಬಂದು ನಿಂತರು,
ಗೋಣಿಯ ನಾರು ಹೆಗಲ ಮೇಲೆ ಹಾಗೇ.

ಎಂಟೂ ಹತ್ತಕ್ಕೆ ಗೂಡ್ಸು ಬಂತು.
ಬರುತ್ತದೆ. ಇಲ್ಲಿ ಎಂಥ ಭಾಷಣವೂ ಅದಕ್ಕೆ ನಿಲ್ಲುತ್ತದೆ,
ಮಂತ್ರಿಯದ್ದೂ.
ವಾಲ್ಯೂಮಿಗೆ ಕೈ ಹಾಕಿದೆ,
ಬೇಡ ಎಂದು ಕಣ್ಣಲ್ಲೇ ಹೇಳಿದ.
ಎರಡೂ ಕೈ ಮೇಲೆತ್ತಿ ಸುಮ್ಮನೆ ಕೂತ.
ತಗಡು ನಡುಗಿತು, ಹೂಬುಟ್ಟಿ ನಡುಗಿತು,
ಅವನ ಕಿವಿ ಮಾತ್ರ ಕಿಟಕಿಯಲ್ಲಿ.
ಮೊದಲು ಕಂಡುಹಿಡಿದದ್ದು ಹಿಮ್ಮಡಿ:
ದಡ್‌ದಡ್, ದಡ್‌ದಡ್, ಹಳಿಯ ಸಂದು ಎಣಿಸುತ್ತ.
ಒಂದು ತಂತಿಯ ಕಿವಿ ತಿರುವಿ ತಿರುವಿ
ಸೀಟಿಯ ಪಕ್ಕ ತಂದು ಕೂರಿಸಿದ.
ಆಮೇಲೆ ರೈಲು ಯಾವುದು, ಬೆರಳು ಯಾವುದು,
ನನ್ನ ಬೋರ್ಡಿನ ಕೆಂಪು ದೀಪಕ್ಕೂ ಗೊತ್ತಾಗಲಿಲ್ಲ.
ಐವತ್ತೆಂಟು ಡಬ್ಬಿ. ಐವತ್ತೆಂಟನ್ನೂ ಬಾರಿಸಿದ.

ತಿಪ್ಪೇರುದ್ರಯ್ಯ ಎದ್ದು ನಿಂತಿದ್ದರು.
ಬಲಗೈ ಮೇಲಿತ್ತು, ಹಸಿರು ದೀಪ ಹಿಡಿದ ಹಾಗೆ.
ಕೊನೆಯ ಡಬ್ಬಿ ದಾಟಿದ ಮೇಲೂ ಇಳಿಸಲಿಲ್ಲ.
ಚಪ್ಪಾಳೆ ಹೊಡೆಯಲು ಯಾರಿಗೂ ಹೊಳೆಯಲಿಲ್ಲ,
ಅವನೇ ಕೊನೆಗೆ ಹೊಡೆದ, ರೈಲು ಹೋದ ದಿಕ್ಕಿಗೆ.

ವೈರು ಸುತ್ತುವಾಗ ಹತ್ತಿರ ಬಂದು ಕೈ ಚಾಚಿದ,
ಏನೋ ಕೊಡುವವನ ಹಾಗೆ.
'ನೋಡಿ, ನಡುಬೆರಳಿನದು ಹೋಯ್ತು,
ಇಪ್ಪತ್ತನೇ ಡಬ್ಬಿ ಹತ್ತಿರವೇ.'
ಮಿಕ್ಕದ್ದನ್ನೆಲ್ಲ ಬರೀ ಮಾಂಸದಲ್ಲಿ ಬಾರಿಸಿದ್ದಾನೆ.
ನಾನು ಬಾಡಿಗೆಯ ಮಾತೆತ್ತಲಿಲ್ಲ.
(ಮಾರನೇ ದಿನ ಎತ್ತಿದೆ. ಸಂಘದವರ ಹತ್ತಿರ.)

ಮುಂದಿನ ವಾರ ಬಾಣಾವರದಲ್ಲಿ ಮದುವೆ.
ಮೈಕು ನಿಲ್ಲಿಸಿ, ಊದಿ,
ಹಲೋ, ಹಲೋ ಎನ್ನಬೇಕಾದ ಕಡೆ
ಅಯ್ಯೋ ಕಳ್ಳಾ ಅಂದೆ.
ಇಡೀ ಛತ್ರ ತಿರುಗಿ ನೋಡಿತು.
ಪುರೋಹಿತರು ತಮ್ಮ ಚೀಲ ಮುಟ್ಟಿ ನೋಡಿಕೊಂಡರು.