ಕೆಂಪು ಮುಳ್ಳು

ಮೀರಜ್‌ನಿಂದ ಬಂದಾಗ ಅದಕ್ಕೆ ಹಸಿರು ಬಣ್ಣವಿತ್ತಂತೆ.
ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಯಾವ ಬಣ್ಣವೂ ಅಲ್ಲ,
ಎಣ್ಣೆಯ ಬಣ್ಣ.
ಹಾಸನದ ಸಾಲಗಾಮೆ ರಸ್ತೆಗೆ ಕಿಟಕಿ ತೆರೆದಿದ್ದ ಶೆಡ್ಡಿನಲ್ಲಿ
ನೂರು ಟನ್ನಿನ ಯಂತ್ರ: ಎರಡು ಕಂಬ, ಒಂದು ದವಡೆ,
ಮದುವೆಮನೆಯ ಹರಿವಾಣದಷ್ಟು ಅಗಲದ ಗಡಿಯಾರ,
ಗಂಟೆ ತೋರಿಸದ್ದು.
ಅದರಲ್ಲಿ ಮುಳ್ಳು ಎರಡು.
ಕರಿಯದು ಹೋಗಿ ಬರುತ್ತದೆ.
ಹೋಗುವಾಗ ಕೆಂಪನ್ನು ತಳ್ಳಿಕೊಂಡು ಹೋಗುತ್ತದೆ,
ಬರುವಾಗ ಕರೆತರುವುದಿಲ್ಲ.

ಯಂತ್ರ ನೋಡಿಕೊಳ್ಳುತ್ತಿದ್ದವನು ಮೊಗಣ್ಣ,
ಮೊದಲು ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು.
ಭಾರ ಅಂದರೆ ಏನೆಂದು
ಅವನ ಕುತ್ತಿಗೆಯ ಹಿಂದಿನ ಗಂಟಿಗೆ ಗೊತ್ತಿತ್ತು.
ಹನ್ನೆರಡು ಮಿಲಿಮೀಟರ್ ಸರಳಿಗೆ ಪಂಚಿನಿಂದ ಚುಕ್ಕಿ ಹೊಡೆದು,
ದವಡೆಗೆ ಕಚ್ಚಿಸಿ, ವಾಲ್ವು ತಿರುವಿ
ಹುಡುಗರಿಗೆ ಹೇಳುತ್ತಿದ್ದ:
‘ಮುಳ್ ನೋಡ್ಬೇಡ್ರೋ, ಸರಳು ನೋಡಿ.’

ಮೂರು ಟನ್ನಿನ ಹತ್ತಿರ ಕರಿಮುಳ್ಳು ತಡೆಯುತ್ತದೆ,
ಬಾಗಿಲಲ್ಲಿ ಚಪ್ಪಲಿ ಬಿಡುವವರು ತಡೆದಂತೆ, ಒಂದು ಗಳಿಗೆ.
ಸರಳಿನ ಮೈಮೇಲಿನ ಹುರುಪೆ ಸಣ್ಣಗೆ ಉದುರುತ್ತದೆ.
ಇಲ್ಲಿಂದ ಮುಂದೆ, ಬಿಟ್ಟರೂ, ಮೊದಲಿನ ಉದ್ದಕ್ಕೆ ಅದು ಮರಳುವುದಿಲ್ಲ.
ಆದರೂ ಏರುತ್ತದೆ, ನಾಲ್ಕು, ನಾಲ್ಕೂ ಮುಕ್ಕಾಲು.
ಆಮೇಲೆ ಎಲ್ಲೋ ಒಂದು ಕಡೆ ಸೊಂಟ ಸಣ್ಣಗಾಗಿ
ಮುಳ್ಳು ಹಿಂದಕ್ಕೆ ಇಳಿಯತೊಡಗಿದಾಗ
ಮೊಗಣ್ಣ ಕಿವಿ ಮುಚ್ಚಿಕೊಳ್ಳುತ್ತಿದ್ದ.
ಹುಡುಗರು ಮುಚ್ಚುತ್ತಿರಲಿಲ್ಲ.
ಢಮ್ಮೆಂದರೆ ಹೊರಗೆ ರಸ್ತೆಯಲ್ಲಿ ಸೈಕಲ್ಲುಗಳು ನಿಲ್ಲುತ್ತಿದ್ದವು.
ಮುರಿದ ತುಂಡು ಕೈಗಿಟ್ಟರೆ ಬೆಚ್ಚಗೆ,
ಈಗಷ್ಟೇ ಇಟ್ಟ ಕೋಳಿಮೊಟ್ಟೆಯ ಹಾಗೆ.
ಒಂದು ತುದಿ ಬಟ್ಟಲು, ಇನ್ನೊಂದು ಅದರೊಳಗೆ ಕೂರುವ ಮೊನೆ.

‘ಬೀಡು ಹಂಗಲ್ಲ ಮೇಡಮ್ಮೋರೆ, ಹೇಳ್ದೆ ಕೇಳ್ದೆ ಹೋಗ್ಬಿಡ್ತದೆ.
ನಮ್ಮಣ್ಣ ಹೋದ್ನಲ್ಲ, ಹಂಗೆ.’
ಅಣ್ಣನ ವಿಷಯ ಅಷ್ಟೇ ಹೇಳಿದ್ದು, ಹತ್ತೊಂಬತ್ತು ವರ್ಷದಲ್ಲಿ.

ಒಂದು ಸೋಮವಾರ ಕಂಟ್ರಾಕ್ಟರನ ಕಡೆಯವರು ಬಂದರು,
ಜೀಪಿನಲ್ಲಿ ಮೂರು ಕಾಂಕ್ರೀಟಿನ ಗಟ್ಟಿ.
ಇಪ್ಪತ್ತೆಂಟು ದಿನ ನೀರಲ್ಲಿ ನೆಂದದ್ದು ಅಂದರು,
ಯಾವುದೋ ಶಾಲೆಯ ತಾರಸಿಯದು.
ನಲವತ್ತೈದು ಬರಬೇಕು.
ಮೊದಲನೆಯದು ಮೂವತ್ತೊಂದಕ್ಕೆ ಪುಡಿ. ಎರಡನೆಯದು ಮೂವತ್ತಕ್ಕೆ.
ಬಿಳಿ ಅಂಗಿಯವನು ಗಾಜಿನ ನಡುವಿನ ತಿರುಪು ಹಿಡಿದು
ಕೆಂಪು ಮುಳ್ಳನ್ನು ನಲವತ್ತಾರಕ್ಕೆ ಒಯ್ದು ನಿಲ್ಲಿಸಿ
‘ಇಲ್ಲೇ ಇತ್ತಲ್ವಾ ಮೇಡಂ’ ಅಂದ, ನಗುತ್ತ.
ಅಷ್ಟು ಸುಲಭ ಅದು. ಮಗುವಿನ ಬೆರಳೂ ಸಾಕು.

ಮೊಗಣ್ಣ ಮಾತಾಡಲಿಲ್ಲ.
ಮೂರನೆಯದನ್ನು ಎತ್ತಿ ತಂದು ಇಟ್ಟ,
ಕೆಂಪನ್ನು ಮುಟ್ಟದೆ ಪಂಪು ಹಾಕಿದ.
ಕರಿಮುಳ್ಳು ಒಂದೇ ಏರಿತು. ಇಪ್ಪತ್ತು. ಮೂವತ್ತು. ಮೂವತ್ತೆರಡು.
ಮೂಲೆಯಿಂದ ಬಿರುಕು, ಜರಜರ ಮರಳು.
ಹದಿನಾಲ್ಕು ಮನೆ ಆಚೆ ಕೆಂಪು ಮುಳ್ಳು
ಬರದ ಬಸ್ಸಿಗೆ ಕಾದವರ ಹಾಗೆ ನಿಂತೇ ಇತ್ತು.
‘ಭೇಟಿ ಆಗ್ಲಿಲ್ಲ ಸ್ವಾಮಿ’ ಅಂದ ಮೊಗಣ್ಣ,
ಪೊರಕೆ ಹುಡುಕುತ್ತ.

ರಿಪೋರ್ಟಿನಲ್ಲಿ ನಾನು ಬರೆದದ್ದು
ಮೂವತ್ತೊಂದು, ಮೂವತ್ತು, ಮೂವತ್ತೆರಡು.
ಇದನ್ನು ಧೈರ್ಯ ಅಂತ ಹೇಳಿಕೊಳ್ಳಲಾರೆ.
ಬರೆಯುವ ಮುಂಚೆ ಪೆನ್ನು ತಡೆದದ್ದು ನನಗೆ ಗೊತ್ತು,
ಹುರುಪೆ ಉದುರಿದ್ದೂ.

ಹೊಸ ಯಂತ್ರ ಬಂತು. ಪರದೆಯ ಮೇಲೆ ಅಂಕಿ,
ಗ್ರಾಫು ತಾನೇ ಬರೆಯುತ್ತದೆ. ಸದ್ದು ಮಾತ್ರ ಅದೇ.
ಹಳೆಯದನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಕೊಟ್ಟ ದಿನ
ಬುಡದ ಬೋಲ್ಟು ಬಿಡದೆ ಗ್ಯಾಸಿನಲ್ಲಿ ಕೊಯ್ದರು.
ಮೊಗಣ್ಣ ರಿಟೈರಾಗಿ ಆಗಲೇ ಎರಡು ವರ್ಷ.
ಅವನಿದ್ದಿದ್ದರೆ ದಿನಾ ಸಂಜೆಯಂತೆ
ಕೆಂಪನ್ನು ಸೊನ್ನೆಗೆ ತಂದು, ಗಾಜು ಒರೆಸಿ, ಬೀಗ ಹಾಕುತ್ತಿದ್ದ.
ಈಗ ಯಾವ ಹುಡುಗನ ಯಾವ ಸರಳಿನದೋ,
ನಾಲ್ಕರ ಮೇಲೆ ಎರಡು ಗೆರೆ ದಾಟಿ ನಿಂತಿತ್ತು.

‘ಏನ್ ನೋಡ್ತಿದೀರಿ’ ಅಂದ ಗುಜರಿಯವನು.
ನಾನು ತಿರುಪಿಗೆ ಕೈ ಹಾಕಲಿಲ್ಲ.
ಲಾರಿ ಕದಲಿದಾಗ ಗಾಜಿನೊಳಗೆ ಕರಿಮುಳ್ಳು ನಡುಗಿತು.
ಕೆಂಪು ಹಾಗೇ ಇತ್ತು.