ಬೋಂಡು, ಬೋಂಡ

ಮೈಸೂರಿನ ಆಡಿಟರು ಕಳಿಸಿದ ಕಾಗದ ಎಂಟು ಪುಟ.
ಹಸೈನಾರ್ ಸಾಹೇಬರು ಎರಡನೆಯದರಲ್ಲೇ ನಿಂತರು:
ದಂಡ, ಇನ್ನೂರೈವತ್ತು ಕೋಟಿಯವರೆಗೆ.
ಕನ್ನಡಕ ಒರೆಸಿ ಇನ್ನೊಮ್ಮೆ ಸೊನ್ನೆ ಎಣಿಸಿದರು.
"ಗೋದಾಮು, ಎರಡು ಲಾರಿ, ನನ್ನ ಸಕ್ಕರೆ ಕಾಯಿಲೆ
ಎಲ್ಲ ಸೇರಿಸಿ ತೂಗಿದರೂ ಅಷ್ಟಾಗಲ್ಲ, ಜಲಜಾಕ್ಷಿ.
ಫೋನು ತಗೋ."

ಗೋಣಿಕೊಪ್ಪದಲ್ಲಿ ನಮ್ಮದು ಕಾಫಿ ಖರೀದಿಸುವ ಅಂಗಡಿ.
ಬೆಳಿಗ್ಗೆ ಒಂಬತ್ತೂವರೆಗೆ
ಸಾವಿರದ ನೂರ ನಲವತ್ತು ಫೋನುಗಳಿಗೆ ಬೆಲೆ ಹೋಗುತ್ತದೆ,
ಚೆರಿ ಇಷ್ಟು, ಪಾರ್ಚ್‌ಮೆಂಟ್ ಇಷ್ಟು, ಮೆಣಸು ಇಷ್ಟು.
ಹನ್ನೊಂದು ವರ್ಷದಿಂದ ಹೋಗುತ್ತಿದೆ.
ಕಳಿಸಲೇ ಎಂದು ಯಾರನ್ನೂ ಕೇಳಿರಲಿಲ್ಲ.
ಕೇಳಿದರೆ ಬೇಜಾರಾದೀತು ಎಂಬಷ್ಟು ಗುರುತು.

ಈಗ ಕೇಳಬೇಕು. ನಿಮ್ಮ ನಂಬರು ಇಟ್ಟುಕೊಳ್ಳಲೇ,
ಯಾಕೆ, ಎಷ್ಟು ದಿನ, ಬೇಡವೆನಿಸಿದರೆ ಯಾರಿಗೆ ಹೇಳುವುದು,
ಎಲ್ಲ ಓದಿ ಹೇಳಬೇಕು.
ಇಪ್ಪತ್ತೆರಡು ಭಾಷೆಗಳ ಪಟ್ಟಿ ಇದೆ, ಇಂಗ್ಲಿಷು ಬೇರೆ.
ಬೆರಳಿಟ್ಟು ಹುಡುಕಿದೆ.
ಕೊಡವ ತಕ್ಕ್ ಅದರಲ್ಲಿಲ್ಲ.
ನಮ್ಮ ಮನೆಯ ಅರೆಭಾಷೆಯೂ ಇಲ್ಲ.
ಸಾಹೇಬರ ಮಲಯಾಳ ಇದೆ,
ಅವರಿಗೆ ಓದಲು ಬರುವುದಿಲ್ಲ.

ಮೊದಲ ದಿನ ಅರವತ್ತು ಕರೆ.
ಹುದಿಕೇರಿಯ ಮಂದಣ್ಣ ನಕ್ಕರು:
"ನಂಬರು ನಿನ್ನ ಹತ್ತಿರವೇ ಇರಲಿ ಮಾರಾಯ್ತಿ, ನನಗಂತೂ ಬಾಯಿಗೆ ಬರಲ್ಲ."
ಪೊನ್ನಂಪೇಟೆಯ ಮೇಷ್ಟ್ರು ಯಾವ ಕಲಮು ಎಂದರು.
ಆರು ಎಂದೆ. ಬರೆದುಕೊಂಡರು.
ತಿತಿಮತಿ ಕಡೆಯ ಒಬ್ಬರು (ಹೆಸರು ಹೇಳುವ ಹಾಗಿಲ್ಲ)
ದನಿ ತಗ್ಗಿಸಿದರು:
"ಅಳಿಸಿಬಿಡಿ. ಬಳ್ಳಿಯಲ್ಲಿದ್ದಾಗಲೇ ಮೆಣಸು ಮಾರಿದ್ದು
ಒಕ್ಕದಲ್ಲಿ ಯಾರಿಗೂ ಗೊತ್ತಿಲ್ಲ."
ನಂಬರು ಅಳಿಸಿದೆ.
ಬಿಲ್ಲು ಮಾತ್ರ ಕಪಾಟಿನಲ್ಲಿದೆ,
ಅದನ್ನು ವರ್ಷಗಟ್ಟಲೆ ಕಾದಿಡು ಎನ್ನುವುದು ತೆರಿಗೆಯವರ ಕಾಯ್ದೆ.
ಅಷ್ಟು ದಿನದಿಂದ ನಮ್ಮ ಕಪಾಟಿಗೆ ಬೀಗವಿರಲಿಲ್ಲವೆಂದು
ಅವರಿಗೆ ಹೇಳಲಿಲ್ಲ.
ಸಂಜೆ ಬೀಗ ತಂದೆ, ನೂರ ಎಂಬತ್ತು ರೂಪಾಯಿ.

ಬಿರುನಾಣಿಗೆ ಲೈನು ಸಿಕ್ಕಿದ್ದು ನಾಲ್ಕನೇ ಸಲಕ್ಕೆ.
ಗಾಳಿ, ನಾಯಿ, ಅದರ ನಡುವೆ ಬೊಳ್ಳಮ್ಮನ ದನಿ:
ಬೋಂಡು ಎಂದರೋ, ಬೋಂಡ ಎಂದರೋ.
ಬೇಕು ಅಂದರೂ ಬೇಡ ಅಂದರೂ ಆ ಮಾತಿನಲ್ಲಿ
ಕೊನೆಯ ಒಂದು ಉಸಿರಿನ ವ್ಯತ್ಯಾಸ,
ಅದನ್ನೇ ಟವರು ನುಂಗಿತ್ತು.
ಒಪ್ಪಿಗೆ ನಿಸ್ಸಂದೇಹವಾಗಿರಬೇಕು ಎನ್ನುತ್ತದೆ ಕಾಗದ.
ಹಾಗಾದರೆ ಏನು ಬರೆಯಲಿ ಎಂದೆ.
ಸಾಹೇಬರು ತೇವ ನೋಡುವ ಮೀಟರಿನಿಂದ ತಲೆ ಎತ್ತದೆ,
"ಒಣಗದ ಕಾಫಿ ಚೀಲಕ್ಕೆ ತುಂಬ್ತೀಯಾ? ಬಿಡು. ನಾಳೆ ಮಾಡು."

ಮಧ್ಯಾಹ್ನ ಊಟಕ್ಕೆ ಹೊರಡುವಾಗ
ಗೋಡೆಯ ಮಿಷನ್ನಿಗೆ ಹೆಬ್ಬೆರಳು ಒತ್ತಿದೆ.
ಮೂರು ವರ್ಷದಿಂದ ಅದರ ಹೊಟ್ಟೆಯಲ್ಲಿ ನನ್ನ ರೇಖೆ ಇದೆ.
ಸಾಹೇಬರ ಕಡೆ ನೋಡಿದೆ.
ಅವರೂ ಮಿಷನ್ನನ್ನು ನೋಡುತ್ತಿದ್ದರು.
ಏನೂ ಅನ್ನಲಿಲ್ಲ ಇಬ್ಬರೂ.

ಬಾಳೆಲೆ, ಉತ್ತಯ್ಯ.
ಎತ್ತಿದ್ದು ಹೆಂಗಸು. "ಅವರು ಹೋಗಿ
ಕೈಲ್ ಮುಹೂರ್ತಕ್ಕೆ ಎರಡು ವರ್ಷ."
ತೋಟ?
"ಕೊಟ್ಟಾಯಿತು. ಈಗ ಪೇಟೆಯಲ್ಲೇ ಇದ್ದೇನೆ, ಟೈಲರಿಂಗ್ ಅಂಗಡಿ."
ಹಾಗಾದರೆ ಈ ನಂಬರು ತೆಗೆಯುತ್ತೇನಮ್ಮ,
ಕೆಲಸ ಮುಗಿದ ಮೇಲೆ ಇಡಬಾರದಂತೆ.
ಹೊಲಿಗೆ ಮಿಷನ್ನು ನಿಂತ ಸದ್ದು.
"ತೆಗೆಯಬೇಡಿ. ಚಾರ್ಜ್ ಹಾಕಿಟ್ಟಿದ್ದೇನೆ.
ಒಂಬತ್ತೂವರೆಗೆ ಒಮ್ಮೆ ಕೂಗುತ್ತದೆ, ಅಷ್ಟೆ.
ಬೇರೆ ಯಾರೂ ಆ ಫೋನಿಗೆ ಏನೂ ಕಳಿಸುವುದಿಲ್ಲ."
ಮತ್ತೆ ಬೆಲೆ?
"ನಾನು ಓದುವುದಿಲ್ಲ."

ನಮೂನೆಯಲ್ಲಿ ಉದ್ದೇಶ ಎಂಬ ಖಾನೆ ಇದೆ.
ಎಲ್ಲರ ಮುಂದೆ ಬರೆದದ್ದನ್ನೇ ಬರೆದೆ: ಬೆಲೆ ತಿಳಿಸಲು.
ಒಪ್ಪಿಗೆ ಕೊಟ್ಟವರು ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಅವರ ಹೆಸರು ಕೇಳಿದೆ.
ಎರಡು ವರ್ಷದಲ್ಲಿ ನಮ್ಮ ಅಂಗಡಿಯವರು ಕೇಳಿದ್ದು ಅದೇ ಮೊದಲು.
ಪೊನ್ನವ್ವ, ಎಂದರು, ಬಿಡಿಸಿ ಬಿಡಿಸಿ,
ನಾನು ಬರೆದುಕೊಳ್ಳುತ್ತಿದ್ದೇನೆಂದು ತಿಳಿದು.