ಪುಟಕ್ಕೆ ಹದಿನೈದು

ಕಾರವಾರ ಕೋರ್ಟಿನ ಕಂಪೌಂಡಿಗೆ ಆತು ನನ್ನ ಮೇಜು.
ಟೈಪ್‌ರೈಟರಿನಲ್ಲಿ 'ಳ' ಅರ್ಧ ಮಾತ್ರ ಬೀಳುತ್ತದೆ.
ಹಾಗಾಗಿ ನನ್ನ ಕಾಗದಗಳಲ್ಲಿ
ಡಾಕ್ಟರ್ ಸಾಳಗಾಂವಕರ
ಯಾವತ್ತೂ ಸ್ವಲ್ಪ ಸವೆದೇ ಇರುತ್ತಾರೆ.

ಮೊದಲ ಸಲ ಬಂದಾಗ ಎಲ್ಲ ಮುಗಿದೇ ಹೋಗಿತ್ತು.
ಬೈತಖೋಲದ ದೇವಕಿ ತಾಂಡೇಲ,
ಸೂಜಿ ಚುಚ್ಚಿದಲ್ಲಿಂದ ಕಪ್ಪೇರಿ
ಬಲಗೈಯ ಮೂರು ಬೆರಳು ಕಳಕೊಂಡ
ಅವಳ ಗಂಡ ಪುಂಡಲೀಕ,
ಎದುರಿಗೆ ಡಾಕ್ಟರು. ಅವರ ಕಣ್ಣೂ ಕೆಂಪು.
"ನಾಲ್ಕು ಲಕ್ಷ. ಬಲೆ ಹೆಣೆಯುವ ಕೈ ಅದು,
ನನಗೆ ಗೊತ್ತು" ಅಂದವರು ಅವರೇ.
ಚೌಕಾಸಿ ಇಲ್ಲ. ನಾನು ಟೈಪಿಸಿದೆ.
ಸಹಿ ಬೀಳಬೇಕಷ್ಟೆ.

ಆಗ ವಕೀಲ ನಾಡಕರ್ಣಿ
ಕನ್ನಡಕ ಹಣೆಗೇರಿಸಿ ಹೊಸ ನಿಯಮ ಹೇಳಿದ:
ಪರಿಹಾರ ಕೊಟ್ಟ ಡಾಕ್ಟರ ಹೆಸರು
ಪರಿಷತ್ತಿನ ಪುಸ್ತಕಕ್ಕೆ ಏರಬೇಕು,
ಒಂದು ರೂಪಾಯಿಯಾದರೂ ಸೈ.
ಏರಿದ್ದು ಇಳಿಯುವುದಿಲ್ಲ.
ಡಾಕ್ಟರು ಪೆನ್ನಿಗೆ ಟೊಪ್ಪಿ ಹಾಕಿದರು.
ಟಕ್.

ಆಮೇಲೆ ಏಳು ವರ್ಷ.
ನಾಲ್ಕು ಕೊಡಲಾರದವರು
ವಕೀಲರಿಗೆ ಆರು ಕೊಟ್ಟರು.
ಚುಚ್ಚಿದ್ದು ತಾವಲ್ಲ, ನರ್ಸು ಅಂದರು.
ಬೆರಳು ಮೊದಲೇ ಹಾಗಿತ್ತು, ಸಕ್ಕರೆ ಕಾಯಿಲೆ ಅಂದರು.
ಅದನ್ನೂ ನಾನೇ ಟೈಪಿಸಿದೆ,
ಪುಟಕ್ಕೆ ಹದಿನೈದು ರೂಪಾಯಿ.
ದೇವಕಿ ತಾರೀಖು ತಪ್ಪಿಸಲಿಲ್ಲ.
ಮೀನು ಮಾರಿ, ಬುಟ್ಟಿ ತೊಳೆದು,
ನನ್ನ ಮೇಜಿನಡಿ ಇಟ್ಟು ಒಳಗೆ ಹೋಗುವಳು.
ಬೇಸಗೆಯಲ್ಲಿ ಊರಿನ ತಂಟೆಯೆಲ್ಲ,
ಪಾಲುಪಟ್ಟಿ, ಬಾಡಿಗೆ ಕರಾರು, ವಿಚ್ಛೇದನ,
ಬಂಗುಡೆ ನಾರುತ್ತಿತ್ತು.

ಕೊನೆಗೆ ದಾರಿ ಹುಡುಕಿದವನೂ ನಾಡಕರ್ಣಿಯೇ.
ಹಣ ಕೊಡುವುದು ಆಸ್ಪತ್ರೆ,
"ಮಾನವೀಯ ನೆಲೆಯಲ್ಲಿ,
ಯಾರ ತಪ್ಪನ್ನೂ ಒಪ್ಪದೆ."
ಕಟ್ಟಡಕ್ಕೆ ಆ ಪುಸ್ತಕದಲ್ಲಿ ಪುಟವಿಲ್ಲ.
ದೇವಕಿ ಕಾಗದವನ್ನು ಹಿಂದೆ ಮುಂದೆ ತಿರುವಿ
"ಇದರಲ್ಲಿ ಡಾಕ್ಟರು ಎಲ್ಲಿದ್ದಾರೆ?" ಅಂದಳು.
ನಾನು ರಿಬ್ಬನ್ ಸರಿಮಾಡುತ್ತ ಕೂತೆ.
ಪುಂಡಲೀಕ ಎಡಗೈಯಲ್ಲಿ ಸಹಿ ಹಾಕಿದ.
ದುಂಡಗಿನ ಅಕ್ಷರ.
ಕಲಿಯಲು ಸಮಯ ಸಿಕ್ಕಿತ್ತಲ್ಲ.

ಸಾಳಗಾಂವಕರ ಕೆಟ್ಟವರಲ್ಲ.
ನನ್ನ ತಾಯಿಯ ಉಬ್ಬಸಕ್ಕೆ ನಡುರಾತ್ರಿ
ಸದಾಶಿವಗಡದಿಂದ ಸ್ಕೂಟರಿನಲ್ಲಿ ಬಂದವರು,
ದುಡ್ಡು ಮುಟ್ಟದವರು.
ನಿನ್ನೆ ಮೊಣಕಾಲು ನೋವೆಂದು ಅವರಲ್ಲಿಗೇ ಹೋದೆ.
ಕಿಟಕಿಯ ಹುಡುಗಿ ರಿಜಿಸ್ಟರ್ ಬಿಚ್ಚಿ,
ತಲೆಯೆತ್ತದೆ,
"ಹೆಸರು ಹೇಳಿ. ಬರೀಲೇಬೇಕು,
ಇಲ್ಲಾಂದ್ರೆ ಒಳಗೆ ಬಿಡೂದಿಲ್ಲ."

ಹೇಳಿದೆ,
ಅಪ್ಪನ ಹೆಸರೂ ಸೇರಿಸಿ.